ಪರಿಹಾರದ ದುಡ್ಡು ಬಂದಿದೆಯಾ? ಬ್ಯಾಂಕಿನಲ್ಲಿ ಸಹಿ ಹಾಕುವ ಮುನ್ನ ಇದನ್ನೊಮ್ಮೆ ಓದಿ

ಜಾಗ ಹೋಗಿ ಪರಿಹಾರ ಬಂದವರು, ತೋಟ ಮಾರಿದವರು, ಈ ವರ್ಷ ರಿಟೈರ್ ಆಗುವವರು ದಯವಿಟ್ಟು ಓದಿ. ಅಂಕೋಲಾದ ನಮ್ಮ ದೊಡ್ಡಪ್ಪನ 4 ಲಕ್ಷ ರೂಪಾಯಿ ಎಫ್‌ಡಿ ಅಂತ ಹೋಗಿ ಇನ್ಶೂರೆನ್ಸ್ ಆಗಿ ಕೂತಿತ್ತು. ಫೋನ್ ಮಾಡಿ ದೋಚುವ ಕಳ್ಳರ ಕೆಲಸ ಅಲ್ಲ ಇದು. ವರ್ಷಗಟ್ಟಲೆ ಪಾಸ್‌ಬುಕ್ ಎಂಟ್ರಿ ಮಾಡಿಕೊಟ್ಟ ಬ್ಯಾಂಕಿನ ಒಳಗೇ, ಫ್ಯಾನ್ ಕೆಳಗೆ ಕೂರಿಸಿ, ಚಾ ತರಿಸಿ ಕೊಟ್ಟು ಮಾಡಿದ್ದು. ಯಾವ ಬ್ಯಾಂಕು, ಯಾವ ಕಂಪನಿ ಅಂತ ಬರೆಯುವುದಿಲ್ಲ. ಬರೆದರೆ ನೀವು ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ಲೂ ಇದೇ ನಡೆಯುತ್ತದೆ.

ದುಡ್ಡು ಬಂದದ್ದು ಹೈವೇಯಿಂದ. ರಾಷ್ಟ್ರೀಯ ಹೆದ್ದಾರಿ 66 ಅಗಲ ಆಗುವಾಗ ದೊಡ್ಡಪ್ಪನ ಮನೆ ಮುಂದಿನ ಜಾಗ, ತೆಂಗಿನ ಮರಗಳು, ಒಂದು ಕರಿ ಇಷಾಡ ಮಾವಿನ ಮರ ಎಲ್ಲ ಹೋಯಿತು. ಮೊದಲು ಬಂದ ಪರಿಹಾರ ಮನೆ ರಿಪೇರಿಗೆ, ಕಿರಿ ಮಗಳ ಮದುವೆಗೆ ಸರಿಹೋಯಿತು. ಕೊಟ್ಟದ್ದು ಕಡಿಮೆ ಅಂತ ಅರ್ಜಿ ಹಾಕಿ ಕಾದು ಕಾದು, 2022ರಲ್ಲಿ ಹೆಚ್ಚುವರಿ ಪರಿಹಾರ ಅಂತ 12 ಲಕ್ಷ ಖಾತೆಗೆ ಬಿತ್ತು. ಇಷಾಡ ಮರಕ್ಕೆ ಹಾಕಿದ್ದ ಬೆಲೆ ಕೇಳಿ ದೊಡ್ಡಾಯಿ ನಕ್ಕುಬಿಟ್ಟಿದ್ದರು. 2023ರಲ್ಲಿ ಆ ಮಾವಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಬಂತು. ಅಷ್ಟೊತ್ತಿಗೆ ನಮ್ಮ ಮರ ಇದ್ದ ಜಾಗದಲ್ಲಿ ಲಾರಿ ಓಡುತ್ತಿತ್ತು.

ದೊಡ್ಡಪ್ಪನಿಗೆ ಆಗ 67. ಅಷ್ಟು ದುಡ್ಡನ್ನು ಒಟ್ಟಿಗೆ ಯಾವತ್ತೂ ನೋಡಿದವರಲ್ಲ. ಬಂದ ಮೇಲೆ ಒಂಥರಾ ಹೆದರಿಕೆ ಶುರುವಾಯಿತು. ಖಾತೆಯಲ್ಲಿ ಇದ್ದರೆ ಖರ್ಚಾಗಿ ಹೋಗುತ್ತದೆ, ಯಾರಾದರೂ ಸಾಲ ಕೇಳುತ್ತಾರೆ, ಎಲ್ಲಾದರೂ 'ಹಾಕಬೇಕು'. ಊರಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು: "ಎಲ್ಲಿ ಹಾಕಿದ್ರಿ?" ದುಡ್ಡು ಸುಮ್ನೆ ಇರುವುದನ್ನು ನಮ್ಮ ಜನ ನೋಡಲಾರರು.

ಇದೇ ಹೆದರಿಕೆಯ ಮೇಲೆ ಅವರ ವ್ಯಾಪಾರ ನಡೆಯುವುದು. ನಿಮ್ಮ ಖಾತೆಗೆ ದೊಡ್ಡ ಮೊತ್ತ ಬಿದ್ದದ್ದು ನಿಮ್ಮ ತಂಗಿಗೆ ಗೊತ್ತಾಗುವ ಮೊದಲು ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಿರುತ್ತದೆ. ಬ್ಯಾಂಕಿನಿಂದ ಫೋನ್ ಬಂತು. ದೊಡ್ಡಪ್ಪ ಹೋದರು. ಕೌಂಟರಿನಲ್ಲಿ ನಿಲ್ಲಿಸಲಿಲ್ಲ, ಒಳಗೆ ಕರೆದರು. ಕೂತಿದ್ದವನು ಇದೇ ಕಡೆಯ ಹುಡುಗ, ಮಾತಿಗೊಮ್ಮೆ ಮಾವ.

"ಮಾವ, ಎಸ್‌ಬಿ ಉಳಿತಾಯ ಖಾತೆಯಲ್ಲಿ ಇಟ್ರೆ ಏನೂ ಸಿಗೂದಿಲ್ಲ. 5 ಲಕ್ಷ ಮಾಮೂಲಿ ಎಫ್‌ಡಿ ಮಾಡುವ. 4 ಲಕ್ಷಕ್ಕೆ ಒಂದು ಸ್ಪೆಷಲ್ ಎಫ್‌ಡಿ ಉಂಟು, ಬಡ್ಡಿ ಜಾಸ್ತಿ, ಮೇಲಿಂದ ಇನ್ಶೂರೆನ್ಸ್ ಫ್ರೀ. ಉಳಿದ 3 ಲಕ್ಷ ಕೈಖರ್ಚಿಗೆ ಇರ್ಲಿ."

ಕೇಳುವುದಕ್ಕೆ ಎಷ್ಟು ಚಂದ ಇದೆ ನೋಡಿ. ಮೂರು ಪಾಲು, ಮೂರಕ್ಕೂ ಒಂದು ಕಾರಣ. ನಿಜವಾದ ಎಫ್‌ಡಿಯನ್ನು ಜೊತೆಗೇ ಮಾಡಿಸಿದ್ದರಿಂದ ಎರಡನೆಯದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಗೋವಾದಲ್ಲಿ ಕೆಲಸ ಮಾಡುವ ಮಗನಿಗೆ ಅಲ್ಲಿಂದಲೇ ಫೋನ್ ಹೋಯಿತು: ನಾಮಿನಿಗೆ ಆಧಾರ್ ಬೇಕು, ಒಂದು ಓಟಿಪಿ ಬರುತ್ತದೆ ಹೇಳಿ. ಬ್ಯಾಂಕಿನಿಂದ, ಅಪ್ಪನ ಎದುರೇ ಬಂದ ಫೋನ್. ಯಾರು ಕೊಡುವುದಿಲ್ಲ?

ಒಂದೆರಡು ದಿನಕ್ಕೆ ಹಿಂದಿಯಲ್ಲಿ ಇನ್ನೊಂದು ಫೋನ್. ದೊಡ್ಡಪ್ಪನ ಹಿಂದಿ ಎಂದರೆ ಹಾಂ, ಠೀಕ್ ಹೈ, ಅಷ್ಟೇ. "ಏನು ಕೇಳಿದ್ರೂ ಹಾಂ ಅನ್ನಿ ಮಾವ, ಸುಮ್ನೆ ಪ್ರೊಸೀಜರ್" ಅಂತ ಹುಡುಗ ಮೊದಲೇ ಹೇಳಿಟ್ಟಿದ್ದ. ಆಮೇಲೆ ಪೋಸ್ಟಿನಲ್ಲಿ ದಪ್ಪ ಪುಸ್ತಕ ಬಂತು, ಪೂರ್ತಿ ಇಂಗ್ಲಿಷು, ಹೊಳೆಯುವ ರಟ್ಟು. "ಎಫ್‌ಡಿ ಬಾಂಡು ಎಷ್ಟು ಗಟ್ಟಿ ಕೊಟ್ಟಿದ್ದಾರೆ" ಅಂತ ದೊಡ್ಡಪ್ಪ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಆಗಿನ ನಿಯಮದಂತೆ, ಹೀಗೆ ಬಂದ ಪಾಲಿಸಿ ಬೇಡ ಅನ್ನಲು 15 ದಿನ ಇತ್ತು. ಆ ದಿನಗಳು ಟ್ರಂಕಿನಲ್ಲೇ ಕಳೆದವು.

ಗೊತ್ತಾದದ್ದು ಮರು ವರ್ಷ, ಪಾಸ್‌ಬುಕ್ಕಿನಲ್ಲಿ. ಎಂಟ್ರಿ ಮಾಡಿಸಿಕೊಂಡು ಬಂದ ದೊಡ್ಡಪ್ಪ, "590 ರೂಪಾಯಿ ಯಾಕೆ ಕಡಿದಿದ್ದಾರೆ, ನೋಡು" ಅಂತ ನನಗೆ ಕೊಟ್ಟರು. ಆಟೋ ಡೆಬಿಟ್ ರಿಟರ್ನ್ ಆದದ್ದಕ್ಕೆ ದಂಡ. ಯಾರೋ ಖಾತೆಯಿಂದ 4 ಲಕ್ಷ ಎಳೆಯಲು ನೋಡಿದ್ದಾರೆ, ಅಷ್ಟು ಇಲ್ಲದ್ದಕ್ಕೆ ವಾಪಸ್ ಹೋಗಿದೆ. ಟ್ರಂಕಿನಿಂದ ಪುಸ್ತಕ ತೆಗೆದು ಓದಿದೆ. ವರ್ಷಕ್ಕೆ 4 ಲಕ್ಷ. 7 ವರ್ಷ ಕಟ್ಟಬೇಕು. ದುಡ್ಡು ಕೈಗೆ ಬರುವುದು 15ನೇ ವರ್ಷಕ್ಕೆ. ಆಗ ದೊಡ್ಡಪ್ಪನಿಗೆ 82.

ಪ್ರಪೋಸಲ್ ಫಾರ್ಮ್, ಅಂದರೆ ಪಾಲಿಸಿ ಬೇಕು ಅಂತ ದೊಡ್ಡಪ್ಪನ ಸಹಿ ಹಾಕಿಸಿಕೊಂಡ ಅರ್ಜಿ, ಅದೇ ಪುಸ್ತಕದ ಕೊನೆಯಲ್ಲಿ ಅಂಟಿಸಿತ್ತು. ಅದನ್ನು ಓದಿದರೆ ನಮ್ಮ ದೊಡ್ಡಪ್ಪ ಯಾರೋ ಬೇರೆಯವರು. ಉದ್ಯೋಗ: ವ್ಯಾಪಾರ. ವಾರ್ಷಿಕ ಆದಾಯ: 15 ಲಕ್ಷ. ಇಮೇಲ್: ಯಾರದೋ ಜಿಮೇಲ್. ದೊಡ್ಡಪ್ಪನಿಗೆ ಇಮೇಲ್ ಇಲ್ಲ, ವ್ಯಾಪಾರ ಇಲ್ಲ, ಇರುವುದು ಒಂದಿಷ್ಟು ಗದ್ದೆ. ಮಗನನ್ನು ನಾಮಿನಿ ಅಂದಿದ್ದರಲ್ಲ, ಅದೂ ಸುಳ್ಳು. ವಿಮೆ ಇಳಿಸಿದ್ದೇ ಮಗನ ಹೆಸರಿನಲ್ಲಿ. 67 ವರ್ಷದವರಿಗೆ ಇಂಥ ಪಾಲಿಸಿ ಸುಲಭಕ್ಕೆ ಕೊಡುವುದಿಲ್ಲ, ಅದಕ್ಕೆ ಮನೆಯಲ್ಲಿರುವ ಚಿಕ್ಕವರನ್ನು ಹುಡುಕುತ್ತಾರೆ.

ದುಡ್ಡಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿ. ಪಾಲಿಸಿಯಲ್ಲಿ ಮಗನ ಹೆಸರು, ನಾಮಿನಿ ಜಾಗದಲ್ಲಿ ಸೊಸೆಯ ಹೆಸರು. ಹೆಣ್ಣುಮಕ್ಕಳಿಬ್ಬರಿಗೆ ವಿಷಯ ಅರ್ಧ ಮುಟ್ಟಿತು. "ಅಪ್ಪ ಪರಿಹಾರದ ದುಡ್ಡನ್ನು ಗುಟ್ಟಾಗಿ ಅಣ್ಣನ ಹೆಸರಿಗೆ ಮಾಡಿದ." ಮಗ ಓಟಿಪಿ ಕೊಟ್ಟದ್ದು ನಿಜ ಆದ್ದರಿಂದ ಅವನ ಮಾತನ್ನು ಯಾರೂ ನಂಬಲಿಲ್ಲ. ಆ ವರ್ಷದ ಬಂಡಿ ಹಬ್ಬಕ್ಕೆ ದೊಡ್ಡ ಮಗಳು ತವರಿಗೆ ಬರಲೇ ಇಲ್ಲ. ಹುಡುಗನಿಗೆ ಸಿಕ್ಕ ಕಮಿಷನ್ ಎಷ್ಟೋ, ಅದಕ್ಕಾಗಿ ಒಂದು ಮನೆಯಲ್ಲಿ ಮಾತು ಬಿಟ್ಟುಹೋಯಿತು.

ಇನ್ನೊಂದು ಕಡೆ ಮನೆಗೆ ದುಡ್ಡು ತುರ್ತಾಗಿ ಬೇಕಿತ್ತು. ಹೊಸ ರಸ್ತೆ ಎತ್ತರ ಆಗಿ ದೊಡ್ಡಪ್ಪನ ಅಂಗಳ ತಗ್ಗಾಗಿತ್ತು. ಮಳೆ ಜೋರಾದರೆ ರಸ್ತೆ ನೀರೆಲ್ಲ ಜಗುಲಿಗೆ. ಗೋಡೆ ಕಟ್ಟಿಸಿ, ಅಂಗಳಕ್ಕೆ ಮಣ್ಣು ಹಾಕಿಸಬೇಕಿತ್ತು. ರಸ್ತೆ ಕೊಟ್ಟ ದುಡ್ಡಿನಲ್ಲೇ ರಸ್ತೆ ಮಾಡಿದ ತೊಂದರೆ ಸರಿಮಾಡಿಕೊಳ್ಳುವ ಲೆಕ್ಕ ಅವರದ್ದು. ಎಫ್‌ಡಿ ಆಗಿದ್ದರೆ ಬಡ್ಡಿ ಸ್ವಲ್ಪ ಬಿಟ್ಟು ಅದೇ ದಿನ ಮುರಿಸಬಹುದಿತ್ತು. ಈ ಪಾಲಿಸಿಗೆ ಆಗಿನ ನಿಯಮದಲ್ಲಿ ಎರಡು ವರ್ಷದ ಕಂತು ಪೂರ್ತಿ ಕಟ್ಟದೆ ಒಂದು ರೂಪಾಯಿಯೂ ವಾಪಸ್ ಇಲ್ಲ. 2024ರ ಅಕ್ಟೋಬರ್ 1ರಿಂದ ಮಾರುವ ಪಾಲಿಸಿಗಳಿಗೆ ನಿಯಮ ಬದಲಾಗಿದೆ, ಒಂದು ವರ್ಷದ ಕಂತು ಕಟ್ಟಿ ವರ್ಷ ಮುಗಿದರೆ ಒಂದಿಷ್ಟು ಸಿಗುತ್ತದೆ. ಒಂದಿಷ್ಟು ಅಂದ್ರೆ ಒಂದಿಷ್ಟೇ, ಪೂರ್ತಿ ಅಂತ ತಿಳಿಯಬೇಡಿ.

ಬ್ಯಾಂಕಿಗೆ ಹೋದರೆ ಆ ಹುಡುಗ ಇಲ್ಲ, ಬೇರೆ ಊರಿಗೆ ಹೋಗಿಯಾಗಿತ್ತು. ಆಮೇಲೆ ತಿಳಿದದ್ದು, ಅವನು ಬ್ಯಾಂಕಿನ ನೌಕರನೇ ಅಲ್ಲ. ಇನ್ಶೂರೆನ್ಸ್ ಕಂಪನಿಯವನು, ಬ್ಯಾಂಕಿನಲ್ಲಿ ಕೂರುತ್ತಿದ್ದ. ಬ್ಯಾಂಕುಗಳು ವಿಮಾ ಕಂಪನಿಗಳಿಗೆ ಏಜೆಂಟ್ ಆಗಿರುವುದು ಕಾನೂನಿನ ಪ್ರಕಾರವೇ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಮೇಜಿನ ಆಚೆ ಕೂತವನು ಯಾರ ಸಂಬಳ ತಗೊಳ್ಳುತ್ತಾನೆ ಅಂತ ಈಚೆ ಕೂತವರಿಗೆ ಯಾರೂ ಹೇಳುವುದಿಲ್ಲ. ಮ್ಯಾನೇಜರ್ ಫಾರ್ಮ್ ತಿರುಗಿಸಿ ತೋರಿಸಿದರು: "ಸಹಿ ನಿಮ್ಮದೇ ಅಲ್ವಾ?" ಕಂಪನಿಗೆ ಬರೆದದ್ದಕ್ಕೆ ಬಂದ ಉತ್ತರದಲ್ಲೂ ಅದೇ ಧಾಟಿ: ಅವಧಿ ಮುಗಿದಿದೆ, ವೆರಿಫಿಕೇಶನ್ ಕಾಲ್‌ನಲ್ಲಿ (ಅದೇ ಆ ಹಿಂದಿ ಫೋನು) ಎಲ್ಲಕ್ಕೂ ಒಪ್ಪಿದ್ದೀರಿ.

ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ಇನ್ನೂ ಕೆಲವರು ಹೋದ 4 ಲಕ್ಷ ಉಳಿಸಲು ಚಿನ್ನ ಅಡವಿಟ್ಟು ಎರಡನೇ ಕಂತು ಕಟ್ಟುತ್ತಾರೆ. ನಮ್ಮ ಪಕ್ಕದ ಊರಲ್ಲೇ ಒಬ್ಬರು ಹಾಗೆ ಮಾಡಿದ್ದಾರೆ. ದಯವಿಟ್ಟು ಬೇಡ.

ಕಂಪನಿಗೆ ಲಿಖಿತ ದೂರು ಕೊಟ್ಟು, ಅವರು ತಳ್ಳಿಹಾಕಿದರೆ ಅಥವಾ ಒಂದು ತಿಂಗಳು ಉತ್ತರವೇ ಕೊಡದಿದ್ದರೆ, ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಪು ಕೊಡುವ ಅಧಿಕಾರಿ, ಅವರ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಫೀಸಿಲ್ಲ, ವಕೀಲರು ಬೇಡ. ಕಂಪನಿ ತಳ್ಳಿಹಾಕಿದ ಒಂದು ವರ್ಷದೊಳಗೆ ಹೋಗಬೇಕು. ಈಗ 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಬೆಂಗಳೂರಿಗೆ ಓಡಬೇಕು ಅಂತ ಹೆದರಬೇಡಿ, ನಮ್ಮ ವಿಚಾರಣೆ ವಿಡಿಯೋದಲ್ಲೇ ಆಯಿತು. ದೊಡ್ಡಪ್ಪ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿ, ನನ್ನ ಫೋನಿನ ಎದುರು ಕೋರ್ಟಿನಲ್ಲಿ ನಿಂತ ಹಾಗೆ ಎದ್ದು ನಿಂತೇ ಮಾತಾಡಿದರು. ಕೂರಿ ಅಂದರೂ ಕೂರಲಿಲ್ಲ.

ನಮಗೆ ಕೆಲಸಕ್ಕೆ ಬಂದದ್ದು ಎರಡೇ ಕಾಗದ. ಒಂದು, ಪಾಸ್‌ಬುಕ್ ಪುಟ. ಪರಿಹಾರ ಜಮಾ ಆದ ವಾರದಲ್ಲೇ 4 ಲಕ್ಷ ಹೋದದ್ದು ಅದರಲ್ಲಿ ಎದ್ದು ಕಾಣುತ್ತಿತ್ತು. ಅದರ ಹಿಂದಿನ ಎಂಟ್ರಿಗಳೆಲ್ಲ ಸಾವಿರ, ಎರಡು ಸಾವಿರ. ಎರಡು, 15 ಲಕ್ಷ ಆದಾಯ ಅಂತ ಬರೆದ ಫಾರ್ಮ್. ವರ್ಷಕ್ಕೆ 4 ಲಕ್ಷ ಕಟ್ಟುವ ಶಕ್ತಿ ಈ ಮನುಷ್ಯನಿಗೆ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಕಂಪನಿಯವರ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಕಟ್ಟಿದ ದುಡ್ಡು ಪೂರ್ತಿ ವಾಪಸ್ ಬಂತು. ಅಷ್ಟು ಕಾಲದ ಬಡ್ಡಿ ಹೋಯಿತು. ಒಂಬುಡ್ಸ್‌ಮನ್ ತೀರ್ಪು ಸರಿ ಅನಿಸದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ದೊಡ್ಡಪ್ಪ "ಸಾಕು ಮಾರಾಯ" ಅಂದರು, ಬಿಟ್ಟೆವು.

ಇನ್ಶೂರೆನ್ಸೇ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕ ಮಕ್ಕಳಿರುವ ಆ ಮಗನಿಗೆ ವಿಮೆ ಬೇಕೇ ಬೇಕು. ಅದಕ್ಕೆ ಬರೀ ಟರ್ಮ್ ಪಾಲಿಸಿ, ಅಂದರೆ ಉಳಿತಾಯ ಸೇರಿಸದ ಬರೀ ಜೀವ ವಿಮೆ, ಸಾಕಾಗಿತ್ತು, 4 ಲಕ್ಷದ ಸಣ್ಣದೊಂದು ಪಾಲಿಗೆ ಅದೇ ಮೊತ್ತದ ವಿಮೆ ಸಿಗುತ್ತಿತ್ತು. ವಿಮೆ, ಉಳಿತಾಯ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಕೊಟ್ಟಾಗ ಮಾತ್ರ ಯಾವುದೆಷ್ಟು ಅಂತ ನಮಗೆ ಗೊತ್ತಾಗುವುದಿಲ್ಲ.

ಇದನ್ನು ಓದಿ ಬ್ಯಾಂಕೇ ಬೇಡ ಅಂತ ಹೆಚ್ಚು ಬಡ್ಡಿ ಕೊಡುವ ಸೌಹಾರ್ದ ಸಹಕಾರಿ ಸಂಘಕ್ಕೆ ಓಡುವವರೂ ಇದ್ದಾರೆ. ಅವರಿಗೊಂದು ಮಾತು. ಬ್ಯಾಂಕು ಮುಳುಗಿದರೆ ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರಲ್ಲಿ 1 ಲಕ್ಷದಿಂದ ಅಷ್ಟಕ್ಕೆ ಏರಿಸಿದರು. ಸೌಹಾರ್ದ, ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಒಳ್ಳೆಯ ಸಂಘಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಆದರೂ ಇದು ಗೊತ್ತಿದ್ದು ಇಡುವುದು ಬೇರೆ, ಗೊತ್ತಿಲ್ಲದೆ ಇಡುವುದು ಬೇರೆ.

ವಾಪಸ್ ಬಂದ 4 ಲಕ್ಷ ಈಗ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. 60 ದಾಟಿದವರು 30 ಲಕ್ಷದವರೆಗೆ ಇಡಬಹುದು. ಬಡ್ಡಿಯನ್ನು 2023ರ ಏಪ್ರಿಲ್‌ನಲ್ಲಿ ನೂರಕ್ಕೆ 8.2 ಮಾಡಿದರು, ದೊಡ್ಡಪ್ಪ ಇಟ್ಟದ್ದೂ ಅದೇ ದರಕ್ಕೆ. ಮೂರು ತಿಂಗಳಿಗೊಮ್ಮೆ 8,200 ರೂಪಾಯಿ. ಗೋಡೆಗೆ ಮೊದಲಿನ ಎಫ್‌ಡಿಯನ್ನೇ ಮುರಿಸಿದೆವು. ಯಾರ ಹೆಸರಿನಲ್ಲಿ ಏನಿದೆ ಅಂತ ಮಗ, ಹೆಣ್ಣುಮಕ್ಕಳು ಎಲ್ಲರನ್ನೂ ಕೂರಿಸಿ ಕಾಗದ ತೋರಿಸಿದ್ದೂ ಆಯಿತು. ಮಾತು ಶುರುವಾಗಿದೆ, ಮೊದಲಿನ ಹಾಗೆ ಇನ್ನೂ ಆಗಿಲ್ಲ.

ದುಡ್ಡಿನಿಂದ ಸುಖ ಇಲ್ಲ ಅಂತ ಹೇಳುವವರ ಹತ್ತಿರ ಸಾಮಾನ್ಯವಾಗಿ ದುಡ್ಡು ಇರುತ್ತದೆ. ನಾನಂತೂ ಹಾಗೆ ಹೇಳಲಾರೆ. 12 ಲಕ್ಷ ಖಾತೆಯಲ್ಲಿದ್ದಾಗ ದೊಡ್ಡಪ್ಪ ರಾತ್ರಿ ಎದ್ದು ಪಾಸ್‌ಬುಕ್ ನೋಡುತ್ತಿದ್ದರಂತೆ. ಈಗ ಆ 8,200 ಬಂದ ವಾರ ಯಾರನ್ನೂ ಕೇಳದೆ ಮೀನು ಪೇಟೆಗೆ ಹೋಗಿ ಬಂಗಡೆ ಬಿಟ್ಟು ಇಸ್ವಾಣ ತರುತ್ತಾರೆ. ದೊಡ್ಡಾಯಿ ಬೈಯುತ್ತಾರೆ, ಆಮೇಲೆ ಹುರಿಯುತ್ತಾರೆ.

ಅಲಗೇರಿ ಕಡೆ ವಿಮಾನ ನಿಲ್ದಾಣಕ್ಕೆ ಜಾಗ ಕೊಟ್ಟವರ ಮನೆಗಳಿಗೂ ಇಂಥ ಹುಡುಗರು ಬಂದೇ ಬರುತ್ತಾರೆ. ಅವರ ಹತ್ತಿರ ಇಷ್ಟು ಕೇಳಿ: ಮುಂದಿನ ವರ್ಷ ಮತ್ತೆ ಕಟ್ಟಬೇಕಾ? ನಾಳೆಯೇ ಮುರಿಸಿದರೆ ಕೈಗೆ ಎಷ್ಟು ಬರುತ್ತದೆ? ನೀವು ಬ್ಯಾಂಕಿನವರಾ, ಕಂಪನಿಯವರಾ? ಉತ್ತರವನ್ನು ಕಾಗದದಲ್ಲಿ ಬರೆದು ಸಹಿ ಮಾಡಿ ಕೊಡಿ ಅನ್ನಿ. ಚೆಕ್ಕಿನಲ್ಲಾಗಲಿ ಡೆಬಿಟ್ ಫಾರ್ಮಿನಲ್ಲಾಗಲಿ 'ಲೈಫ್ ಇನ್ಶೂರೆನ್ಸ್' ಅಂತ ಹೆಸರಿದ್ದರೆ ಅದು ಎಫ್‌ಡಿ ಅಲ್ಲ. ಖಾಲಿ ಫಾರ್ಮಿಗೆ ಸಹಿ ಬೇಡ. ಫೋನ್ ಬಂದರೆ ಕನ್ನಡದಲ್ಲಿ ಮಾತಾಡಿ ಅನ್ನಿ. ಅರ್ಥ ಆಗದಿದ್ದರೆ ಅರ್ಥ ಆಗಿಲ್ಲ ಅಂತಲೇ ಹೇಳಿ, ಅದೂ ರೆಕಾರ್ಡ್ ಆಗುತ್ತದೆ.

ಸಹಿ ಆಗಿಹೋಗಿದೆ, ದಪ್ಪ ಪುಸ್ತಕ ಮನೆಗೆ ಬಂದೂ ಆಗಿದೆ ಅಂದರೆ, ಬಂದ ತಾರೀಕು ನೋಡಿ. 2024ರಿಂದ ಪಾಲಿಸಿ ಬೇಡ ಅನ್ನಲು 30 ದಿನ ಕೊಡುತ್ತಾರೆ. ಲಕೋಟೆ ಬಿಸಾಡಬೇಡಿ, ಪೋಸ್ಟಿನ ಮುದ್ರೆ ಇರುವುದು ಅದರ ಮೇಲೆ. ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ, ಬ್ಯಾಂಕಿಗೊಂದು ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.