ಡೊಂಬಿವಲಿಯ ಸೆಕೆಯಲ್ಲಿ ಓವರ್‌ಕ್ಲಾಕ್, ಅಂಡರ್‌ವೋಲ್ಟ್

ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ತಂದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ನನ್ನದು, 12 ಜಿಬಿ ಮೆಮೊರಿಯದು. ಅಲ್ಲೇ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಎಸಿ ಇಲ್ಲ. ಮೇ ತಿಂಗಳ ಮಧ್ಯಾಹ್ನ ರೂಮಿನಲ್ಲೇ 34 ಡಿಗ್ರಿ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಕೂತು ಓದುವವರಿಗೆ ನನ್ನ ಲೆಕ್ಕ ಸರಿಹೊಂದದೇ ಇರಬಹುದು.

ಏನೂ ಮುಟ್ಟದೆ ಬಿಟ್ಟಾಗ ನಾನು ಆಡುವ ರೇಸಿಂಗ್ ಗೇಮಿನಲ್ಲಿ 71 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮುಗಳು), 170 ವ್ಯಾಟ್, 77 ಡಿಗ್ರಿ.

ಮೊದಲು ಓವರ್‌ಕ್ಲಾಕ್, ಅಂದರೆ ಚಿಪ್ಪನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ತೆರೆದು ಪವರ್ ಲಿಮಿಟ್ ಕೊನೆವರೆಗೂ ಎಳೆದೆ. ಕೋರ್ ಕ್ಲಾಕ್ 15 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ +120ಕ್ಕೆ ಬಂದೆ. ರಾತ್ರಿ ಹನ್ನೊಂದಕ್ಕೆ ಕಾರ್ಡನ್ನು ಪರೀಕ್ಷಿಸುವ ಯೂನಿಜಿನ್ ಹೆವನ್ ಅರ್ಧ ಗಂಟೆ ಓಡಿತು, ಪರದೆಯಲ್ಲಿ ಒಂದು ತಪ್ಪು ಚುಕ್ಕಿಯೂ ಕಾಣಲಿಲ್ಲ. ಗೆದ್ದೆ ಅಂದುಕೊಂಡು ಮಲಗಿದೆ. ಮರುದಿನ ಮಧ್ಯಾಹ್ನ ಅದೇ ಸೆಟ್ಟಿಂಗ್‌ನಲ್ಲಿ ಗೇಮ್ ಶುರು ಮಾಡಿ ನಲವತ್ತು ನಿಮಿಷ ಆಗಿರಲಿಲ್ಲ, ಪರದೆ ಕಪ್ಪಾಯಿತು. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಬಿದ್ದಿತ್ತು. ಚಿಪ್ ಬಿಸಿಯಾದಷ್ಟೂ ಅದೇ ವೇಗಕ್ಕೆ ತಡೆದುಕೊಳ್ಳುವುದು ಕಷ್ಟ. ರಾತ್ರಿಯ ಪಾಸ್ ಮಧ್ಯಾಹ್ನಕ್ಕೆ ನಡೆಯುವುದಿಲ್ಲ ಅಂತ ಆಗ ಗೊತ್ತಾಯಿತು. +75ಕ್ಕೆ ಇಳಿಸಿದ ಮೇಲೆ ನಿಂತಿತು. ಸಿಕ್ಕಿದ್ದು 74 ಎಫ್‌ಪಿಎಸ್, 82 ಡಿಗ್ರಿ, ಜೊತೆಗೆ ಫ್ಯಾನಿನ ಗದ್ದಲ. ಅಡುಗೆಮನೆಯಿಂದ ಅಮ್ಮ, "ಮಿಕ್ಸಿ ಯಾರೋ ಹಾಕಿದ್ದು?" ಅಂದರು.

ಆಫ್ಟರ್‌ಬರ್ನರ್‌ನ ಓಸಿ ಸ್ಕ್ಯಾನರ್ ಕೂಡ ನೋಡಿದೆ. ಓವರ್‌ಕ್ಲಾಕ್ ಎಷ್ಟು ಮಾಡಬಹುದು ಅಂತ ತಾನೇ ಹುಡುಕಿ ಕೊಡುತ್ತದೆ, ಸೋಮಾರಿಗಳಿಗೆ ಸಾಕು. ನನಗೆ ಕೊಟ್ಟದ್ದು ಹೆಚ್ಚೂಕಡಿಮೆ ನಾನು ಇಳಿದು ನಿಂತ ಜಾಗವನ್ನೇ!

ಆಮೇಲೆ ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸುವುದು. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಯಾವ ವೋಲ್ಟೇಜಿಗೆ ಎಷ್ಟು ವೇಗ ಅಂತ ತೋರಿಸುವ ಗೆರೆ ತೆರೆಯುತ್ತದೆ. 875 ಮಿಲಿವೋಲ್ಟಿನ ಚುಕ್ಕಿಯನ್ನು 1850 ಮೆಗಾಹರ್ಟ್ಸ್‌ಗೆ ಎತ್ತಿ, ಅದರಿಂದಾಚೆಯ ಗೆರೆಯನ್ನು ಸಮತಟ್ಟು ಮಾಡಿದೆ. 850ಕ್ಕೂ ಪ್ರಯತ್ನಿಸಿದೆ, ಇಪ್ಪತ್ತೇ ನಿಮಿಷಕ್ಕೆ ಕೈಕೊಟ್ಟಿತು. ಕರೆಂಟ್ ಉಳಿಯುವ ಗುಟ್ಟು ಇಷ್ಟೇ: ಚಿಪ್ ತಿನ್ನುವ ವಿದ್ಯುತ್ತು ವೇಗಕ್ಕೆ ನೇರವಾಗಿ ಏರಿದರೆ, ವೋಲ್ಟೇಜಿಗೆ ಅದರ ವರ್ಗದಷ್ಟು ಏರುತ್ತದೆ. ಹಾಗಾಗಿ ವೋಲ್ಟೇಜ್ ಸ್ವಲ್ಪ ಇಳಿದರೂ ಲಾಭ ಜಾಸ್ತಿ. 70 ಎಫ್‌ಪಿಎಸ್, 128 ವ್ಯಾಟ್, ಮಧ್ಯಾಹ್ನವೂ 68 ಡಿಗ್ರಿ.

ಮೂರ್ನಾಲ್ಕು ಫ್ರೇಮಿಗಾಗಿ ಬೆವರು ಸುರಿಸುವುದು ನನಗಂತೂ ಬೇಡ. ಆದರೂ ಆಸೆ ಬಿಡಲಿಲ್ಲ ನೋಡಿ, ಅಂಡರ್‌ವೋಲ್ಟ್ ಇಟ್ಟುಕೊಂಡೇ ಮೆಮೊರಿಯನ್ನು ಮಾತ್ರ ಏರಿಸಿದೆ. +1000ಕ್ಕೆ ನೆರಳಿನ ಜಾಗದಲ್ಲಿ ಬಣ್ಣಬಣ್ಣದ ಚೌಕಗಳು ಮಿನುಗತೊಡಗಿದವು. +600ಕ್ಕೆ ಇಳಿಸಿದರೆ ಸರಿಹೋಯಿತು, 72 ಸಿಕ್ಕಿತು, ಬಿಸಿ ಒಂದೇ ಡಿಗ್ರಿ ಹೆಚ್ಚು. ಎರಡು ವಾರ, ಅದೂ ಮಧ್ಯಾಹ್ನದಲ್ಲೇ ಆಡಿ ನೋಡಿದ ಮೇಲಷ್ಟೇ, ವಿಂಡೋಸ್ ಜೊತೆಗೇ ಈ ಸೆಟ್ಟಿಂಗ್ ಶುರುವಾಗುವ ಗುಂಡಿ ಒತ್ತಿದೆ. +75ರ ಪ್ರೊಫೈಲನ್ನು ಅಳಿಸಿಲ್ಲ, ಜನವರಿಗೆ ಇರಲಿ ಅಂತ.