ಕೆಲಸದ ಕ್ರಮ ಬರೆದಿಡಲು ಮೀಡಿಯಾವಿಕಿ: ನೆನಪು ಗಟ್ಟಿ, ಬೀಗ ಸಡಿಲ

ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ತಂತ್ರಾಂಶದ ಮೇಲೆ. ಅದನ್ನು ಯಾವ ಸಂಸ್ಥೆ ಬೇಕಾದರೂ ತನ್ನ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು, ಲೈಸೆನ್ಸ್ ಶುಲ್ಕವಿಲ್ಲ. 2020ರ 1.35ನೇ ಆವೃತ್ತಿಯಿಂದ ವಿಶುವಲ್ ಎಡಿಟರ್ (ಪುಟ ಕಾಣುವ ಹಾಗೆಯೇ ತಿದ್ದುವ ಸಾಧನ) ಜೊತೆಗೇ ಬರುತ್ತದೆ. ಹಾಗಾಗಿ ವಿಕಿ ಗುರುತುಗಳ ಗೊಡವೆಯಿಲ್ಲದೆ ಬರೆಯಬಹುದು.

ಇದರ ನಿಜವಾದ ಬಲ ಪುಟದ ಇತಿಹಾಸ. ‘ಸರಬರಾಜುದಾರರ ಬಿಲ್ ಪಾಸ್ ಮಾಡುವುದು’ ಎಂಬ ಪುಟವನ್ನೇ ತೆಗೆದುಕೊಳ್ಳಿ. ಖರೀದಿ ಆರ್ಡರ್, ಮಾಲು ಸ್ವೀಕೃತಿ ಚೀಟಿ, ಬಿಲ್ ಮೂರನ್ನೂ ತಾಳೆ ನೋಡಿ ಎಂದಷ್ಟೇ ಅಲ್ಲಿದೆ. ಆರ್ಡರ್ 100, ಬಂದದ್ದು 92, ಬಿಲ್ ಮಾತ್ರ 100ಕ್ಕೇ ಇದ್ದರೆ? ಆ ಉತ್ತರ ಇರುವುದು ಲೆಕ್ಕ ವಿಭಾಗದ ಹಳಬರೊಬ್ಬರ ತಲೆಯಲ್ಲಿ. ಪುಟದ ‘ಚರ್ಚೆ’ಯಲ್ಲಿ ಪ್ರಶ್ನೆ ಹಾಕಿ, ಅವರ ಉತ್ತರವನ್ನು (ಬಿಲ್ ಪೂರ್ತಿ ದಾಖಲಿಸಿ, ಕಡಿಮೆ ಬಂದ 8ಕ್ಕೆ ಡೆಬಿಟ್ ನೋಟ್, ಅಂದರೆ ಅಷ್ಟು ಹಣ ಕಡಿತಗೊಳಿಸುವ ಚೀಟಿ) ಪುಟಕ್ಕೆ ಸೇರಿಸಿದರೆ, ಯಾರು ಯಾವತ್ತು ಸೇರಿಸಿದರು ಎಂಬುದು ಉಳಿಯುತ್ತದೆ. ಏಕೆ ಎಂಬುದು ಉಳಿಯಬೇಕಾದರೆ ತಿದ್ದುಪಡಿ ಉಳಿಸುವಾಗ ಕಾಣುವ ಸಾರಾಂಶದ ಖಾನೆ ತುಂಬಬೇಕು. ಜನ ಅದನ್ನೇ ಖಾಲಿ ಬಿಡುವುದು. ಖಾಲಿ ಬಿಟ್ಟರೆ ಎಚ್ಚರಿಸುವ ಆಯ್ಕೆ ಬಳಕೆದಾರರ ಪ್ರಾಶಸ್ತ್ಯಗಳಲ್ಲಿದೆ. ಅದನ್ನು ಮೊದಲ ದಿನವೇ ಎಲ್ಲರಿಗೂ ಆನ್ ಮಾಡಿಡಿ. ‘ಅಪ್‌ಡೇಟ್’ ಅಂತ ಒಂದೇ ಪದ ಬರೆದು ಕೈ ತೊಳೆದುಕೊಳ್ಳುವವರಿಗೆ ಮಾತ್ರ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ.

ವಿಶೇಷ ಪುಟಗಳು ಬಹಳ ಉಪಯುಕ್ತ. ಕೊಂಡಿ ಇದ್ದೂ ಇನ್ನೂ ಬರೆಯದ ಪುಟಗಳು, ಬೇರೆ ಯಾವ ಪುಟದಿಂದಲೂ ಕೊಂಡಿಯಿಲ್ಲದ ಒಂಟಿ ಪುಟಗಳು, ಬಹುಕಾಲ ಯಾರೂ ಮುಟ್ಟದ ಪುಟಗಳು ತಾವಾಗಿಯೇ ಪಟ್ಟಿಯಾಗುತ್ತವೆ. ಆದರೆ ಕೊನೆಯ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಅದು ನೋಡುವುದು ಕೊನೆಯ ತಿದ್ದುಪಡಿಯ ದಿನಾಂಕ. ಒಂದು ಅಲ್ಪವಿರಾಮ ಸರಿಪಡಿಸಿದರೂ ಹಳಸಿದ ಪುಟ ಹೊಸದಾಗಿಬಿಡುತ್ತದೆ. ಪ್ರತಿ ಪುಟದ ತಲೆಗೆ ಹೊಣೆ ಯಾರದು, ಕೊನೆಗೆ ಮಾಡಿ ನೋಡಿ ಪರೀಕ್ಷಿಸಿದ್ದು ಯಾವಾಗ ಎಂಬ ಎರಡು ಸಾಲಿನ ಟೆಂಪ್ಲೇಟು (ಒಮ್ಮೆ ಬರೆದು ಹಲವು ಪುಟಗಳಿಗೆ ಸೇರಿಸಬಹುದಾದ ಅಚ್ಚು) ಹಾಕುವುದೇ ಮೇಲು.

ಹುಡುಕಾಟ ಸಾಧಾರಣ. ಪುಟದ ಹೆಸರು ‘ಮಾಲು ಸ್ವೀಕೃತಿ ಚೀಟಿ’, ಗೋದಾಮಿನವರು ಹುಡುಕುವುದು ‘ಜಿಆರ್‌ಎನ್’. ಬಾಯಲ್ಲಿರುವ ಹೆಸರಿಗೊಂದು ಪುನರ್ನಿರ್ದೇಶನ ಪುಟ (ತೆರೆದೊಡನೆ ಅಸಲಿ ಪುಟಕ್ಕೆ ಕಳಿಸುವಂಥದ್ದು) ಮಾಡಿದರೆ ಅರ್ಧ ತಲೆನೋವು ಕಡಿಮೆ.

ಸೋಲುವುದು ಗುಟ್ಟಿನ ವಿಷಯದಲ್ಲಿ. ಇಡೀ ವಿಕಿಯನ್ನು ಲಾಗಿನ್ ಆದವರಿಗಷ್ಟೇ ತೆರೆಯಬಹುದು. ಆದರೆ ‘ಈ ಪುಟ ಇವರಿಗೆ ಮಾತ್ರ’ ಎಂಬುದಕ್ಕಾಗಿ ಇದನ್ನು ಕಟ್ಟಿಲ್ಲ. ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ) ಹಾಕಿ ತಡೆದ ಪುಟದ ಪಠ್ಯವೂ ಬೇರೆ ಪುಟಕ್ಕೆ ಟೆಂಪ್ಲೇಟಿನಂತೆ ಸೇರಿಸಿದಾಗ ಹೊರಬೀಳಬಹುದು. ಅಪ್‌ಲೋಡ್ ಮಾಡಿದ ಚಿತ್ರಗಳನ್ನು ವೆಬ್ ಸರ್ವರ್ ನೇರವಾಗಿ ಕೊಡುವುದರಿಂದ, ಚಿತ್ರಗಳ ಅನುಮತಿಯನ್ನು ಬೇರೆಯಾಗಿ ಹೊಂದಿಸದಿದ್ದರೆ ವಿಳಾಸ ಗೊತ್ತಿದ್ದವರು ಲಾಗಿನ್ ಇಲ್ಲದೆಯೂ ತೆರೆದಾರು. ಸಂಬಳದ ಪಟ್ಟಿ, ಪಾಸ್‌ವರ್ಡ್ ಇಲ್ಲಿ ಬೇಡವೇ ಬೇಡ.

ಬ್ಯಾಕಪ್ ಎಂದರೆ ಡೇಟಾಬೇಸ್ ಒಂದೇ ಅಲ್ಲ. ಚಿತ್ರಗಳ ಫೋಲ್ಡರ್, ಸೆಟ್ಟಿಂಗ್ಸ್ ಕಡತವೂ ಬೇಕು. ಆವೃತ್ತಿ ಏರಿಸುವ ಮುನ್ನ ಮೂರನ್ನೂ ಬೇರೆ ಯಂತ್ರಕ್ಕೆ ಇಳಿಸಿ, ಒಂದು ಪುಟ ತೆರೆಯುತ್ತದೆಯೇ ನೋಡಿಕೊಳ್ಳಿ.