ಜಗಲಿ ಕಂಬಕ್ಕೆ ವಾರ್ನಿಶ್ಶೋ ಗೇರೆಣ್ಣೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೇರೆಣ್ಣೆಗೆ, ಅಂದರೆ ಗೇರುಬೀಜದ ಸಿಪ್ಪೆಯಿಂದ ಬರುವ ಎಣ್ಣೆಗೆ. ಉಡುಪಿ ಕಡೆಯ ಮನೆ, ಪಡುವಣ ಮುಖದ ಜಗಲಿ, ಹಲಸಿನ ಕಂಬಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅಡ್ಡಡ್ಡ ಬಡಿಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ಮುಳುಗುವ ತನಕ ಕಂಬ ಬಿಟ್ಟು ಕದಲುವುದಿಲ್ಲ.

ಪೇಂಟರ್ ಮಾತು ಕೇಳಿ ಪಾರದರ್ಶಕ ವಾರ್ನಿಶ್ ಹಚ್ಚಿಸಿದ್ದೆವು. ಹೊಳಪು ಸೊಗಸಾಗಿತ್ತು, ಸುಳ್ಳು ಹೇಳಬಾರದು. ಆದರೆ ಬಿಸಿಲು ಅದನ್ನು ದಾಟಿ ಮರಕ್ಕೇ ತಾಗುತ್ತದೆ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅತಿನೇರಳೆ ಕಿರಣಕ್ಕೆ ಒಡೆಯುತ್ತದೆ, ಆಗ ವಾರ್ನಿಶ್ ಗಟ್ಟಿಯಿದ್ದರೂ ಅದು ಅಂಟಿಕೊಂಡಿರುವ ಮೇಲ್ಪದರವೇ ಸಡಿಲ. ಮಳೆಗೆ ಮರ ಉಬ್ಬಿ, ಬೇಸಿಗೆಗೆ ಕುಗ್ಗಿ, ವಾರ್ನಿಶ್ ಸಣ್ಣಗೆ ಬಿರುಕು ಬಿಡುತ್ತದೆ. ನೀರಿಗೆ ಒಳಗೆ ಹೋಗಲು ದಾರಿ ಸಿಕ್ಕಿತು, ಆರಲು ಇಲ್ಲ. ಅಡಿಯಲ್ಲಿ ಕಪ್ಪು ಬೂಷ್ಟು. ಎಷ್ಟು ಉಜ್ಜಿದರೂ ಹೋಗಲ್ಲ, ಕಿಟಕಿ ಗಾಜಿನ ಆಚೆ ಬದಿಯ ಕೊಳೆಯನ್ನು ಈಚೆಯಿಂದ ಒರೆಸಿದ ಹಾಗೆ.

ಅದರ ಮೇಲೇ ಇನ್ನೊಂದು ಕೋಟ್ ಹಾಕೋಣ ಅಂದರೆ ಅದೂ ಎದ್ದು ಬರುತ್ತದೆ. ಪೂರ್ತಿ ಕೆರೆದು, ಕೆತ್ತನೆಯ ಸಂದಿಗಳಲ್ಲೆಲ್ಲ ಮರಳು ಕಾಗದ ಮಡಚಿ ತೂರಿಸಿ ಉಜ್ಜಿ, ಮತ್ತೆ ಶುರುವಿನಿಂದ ಬರಬೇಕು. ಡಬ್ಬದ ಬೆಲೆಗಿಂತ ಈ ಕೆರೆಯುವ ಕೂಲಿಯೇ ಜಾಸ್ತಿ.

ಅಗಸೆ ಎಣ್ಣೆಯನ್ನು ಒಂದು ಕಂಬಕ್ಕೆ ಹಚ್ಚಿ ನೋಡಿದೆ. ನಮ್ಮ ತೇವಕ್ಕೆ ಬೂಷ್ಟು ಅದನ್ನೇ ತಿಂದು ಬೆಳೆಯಿತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು.

ಗೇರೆಣ್ಣೆ ನೋಡಲು ಚೆಂದವಿಲ್ಲ. ಕಪ್ಪು ಕಂದು ಬಣ್ಣ, ಗಾಟು, ಆರುವುದೂ ನಿಧಾನ. ಕೈಗೆ ತಾಗಿದರೆ ಬೊಬ್ಬೆ ಬರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ. ಆದರೆ ತೆಳ್ಳಗೆ ಹಚ್ಚಿದರೆ ಮರದೊಳಗೆ ಇಳಿಯುತ್ತದೆ, ಸಿಪ್ಪೆ ಏಳುವ ಪ್ರಶ್ನೆಯಿಲ್ಲ. ಗೆದ್ದಲಿಗೂ ಆಗದು. ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಿದ್ದುದು ಸುಮ್ನೆ ಅಲ್ವಲ್ಲ! ಬಣ್ಣ ಮಾಸಿದ ಕಡೆ ಧೂಳು ಒರೆಸಿ ಮತ್ತೆ ಹಚ್ಚಿದರೆ ಮುಗಿಯಿತು.

ಏನೇ ಹಚ್ಚಿದರೂ ಕಂಬದ ಬುಡಕ್ಕೆ ಜಾಸ್ತಿ ಕುಡಿಸಿ. ನೀರು ಹೀರುವುದು ಅಡ್ಡ ಕೊಯ್ದ ತುದಿಯೇ. ಹಳೇ ಮನೆಗಳಲ್ಲಿ ಕಂಬದಡಿಗೆ ಕಲ್ಲು ಇಡುತ್ತಿದ್ದುದೂ ಅದಕ್ಕೇ.

ಏಪ್ರಿಲ್‌ನಲ್ಲಿ ಬರುವ ತುಳುವರ ಹೊಸ ವರ್ಷ ಬಿಸುವಿಗೆ ಮುಂಚೆ ಹೇಗೂ ಜಗಲಿ ತೊಳೆಯುತ್ತೇವೆ, ಒಣಗಿದ ಮೇಲೆ ಬ್ರಷ್ ಹಿಡಿಯುವುದು ನನಗೆ ಭಾರವಲ್ಲ. ವರ್ಷಾ ವರ್ಷ ಇದು ಯಾರಿಗೆ ಬೇಕು ಅನ್ನುವವರು, ಇರಚಲು ತಾಗದ ಒಳಗಿನ ಕಂಬವಾದರೆ ಧಾರಾಳ ವಾರ್ನಿಶ್ ಹಾಕಿಸಿ.